ಸರಾಸರಿ 4.2 ಏನನ್ನೂ ಹೇಳುವುದಿಲ್ಲ: ವೈದ್ಯ ವಿದ್ಯಾರ್ಥಿಗಳ ಅಭಿಪ್ರಾಯದಿಂದ ಪಾಠ ಸುಧಾರಿಸುವುದು ಹೇಗೆ?

ಪ್ರಶ್ನೆ: ನಾನು ವೈದ್ಯಕೀಯ ಕಾಲೇಜೊಂದರಲ್ಲಿ ಫಿಸಿಯಾಲಜಿ (ದೇಹದ ಅಂಗಗಳು ಕೆಲಸ ಮಾಡುವ ಬಗೆಯ ಶಾಸ್ತ್ರ) ಕಲಿಸುತ್ತೇನೆ. ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಸಂಗ್ರಹಿಸುವ ಹೊಣೆಯನ್ನು ಈ ವರ್ಷದಿಂದ ನನಗೆ ವಹಿಸಿದ್ದಾರೆ. ಪ್ರತಿ ಅವಧಿಯ ಕೊನೆಗೆ 25 ಪ್ರಶ್ನೆಗಳ ಆನ್‌ಲೈನ್ ಫಾರ್ಮ್ ಕಳುಹಿಸುತ್ತೇವೆ, ಪ್ರತಿ ಪ್ರಶ್ನೆಗೂ ಒಂದರಿಂದ ಐದರವರೆಗೆ ಅಂಕ. ಎಲ್ಲ ಅಧ್ಯಾಪಕರಿಗೂ 4.1, 4.2, 4.3 ಎಂದೇ ಬರುತ್ತದೆ. ಬರೆಯಲು ಬಿಟ್ಟ ಜಾಗದಲ್ಲಿ ಹೆಚ್ಚಿನವರು ‘ಚೆನ್ನಾಗಿದೆ’ ಎಂದಷ್ಟೇ ಬರೆಯುತ್ತಾರೆ. ಒಬ್ಬಿಬ್ಬರು ಮನಸ್ಸಿಗೆ ನೋವಾಗುವಂತೆ ಬರೆಯುತ್ತಾರೆ. ವರದಿ ಕಡತ ಸೇರುತ್ತದೆ. ‘ಹುಡುಗರಿಗೇನು ಗೊತ್ತು’ ಎನ್ನುವುದು ಸಹೋದ್ಯೋಗಿಗಳ ಮಾತು. ಇತ್ತ ಈ ಅಂಕಗಳನ್ನು ಬಡ್ತಿಗೆ ಜೋಡಿಸುವ ಚರ್ಚೆಯೂ ನಡೆದಿದೆ. ಇದರಿಂದ ಪಾಠ ನಿಜವಾಗಿಯೂ ಸುಧಾರಿಸಬಹುದೇ? ಎಲ್ಲಿಂದ ಆರಂಭಿಸಲಿ?

ಉತ್ತರ: ಸುಧಾರಿಸಬಹುದು. ಆದರೆ ನೀವು ವಿವರಿಸಿದ ಫಾರ್ಮಿನಿಂದ ಅದು ಸಾಧ್ಯವಿಲ್ಲ. ಆ ಫಾರ್ಮು ವಿದ್ಯಾರ್ಥಿಗಳಿಂದ ತೀರ್ಪನ್ನು ಕೇಳುತ್ತದೆ. ಅವರು ಕೊಡಬಲ್ಲದ್ದು ಸಾಕ್ಷ್ಯವನ್ನು. ವೈದ್ಯಕೀಯ ಶಿಕ್ಷಣ ವಿಭಾಗಗಳಲ್ಲಿ ಇಷ್ಟು ವರ್ಷ ಇಂಥ ಫಾರ್ಮುಗಳನ್ನು ಓದಿದ ಮೇಲೆ ನನಗೆ ಗಟ್ಟಿಯಾಗಿ ಉಳಿದಿರುವ ನಂಬಿಕೆ ಇದೊಂದೇ. ಉಳಿದ ಸಲಹೆಗಳೆಲ್ಲ ಇದರಿಂದಲೇ ಹೊರಡುತ್ತವೆ.

ನಿಮ್ಮ ಸಹೋದ್ಯೋಗಿಗಳ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಿಕೊಂಡೇ ಮುಂದುವರಿಯೋಣ. ನೀವು ಕಲಿಸಿದ ಮೂತ್ರಪಿಂಡದ ಪಾಠ ಇಂದಿನ ತಿಳಿವಳಿಕೆಗೆ ತಕ್ಕದ್ದೋ, ಐದು ವರ್ಷದ ನಂತರ ತುರ್ತು ವಿಭಾಗದಲ್ಲಿ ನಿಲ್ಲುವ ವೈದ್ಯನಿಗೆ ಅಷ್ಟು ಆಳ ಸಾಕೋ ಎಂಬುದು ಮೊದಲ ವರ್ಷದ ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಹಾಗಿದ್ದೂ ‘ಅಧ್ಯಾಪಕರಿಗೆ ವಿಷಯದ ಮೇಲೆ ಪ್ರಭುತ್ವವಿದೆಯೇ’ ಎಂಬ ಪ್ರಶ್ನೆ ನಾನು ನೋಡಿದ ಬಹುತೇಕ ಫಾರ್ಮುಗಳಲ್ಲಿದೆ. ಈಗ ಇನ್ನರ್ಧಕ್ಕೆ ಬನ್ನಿ. ಪಾಠದ ವೇಗ ಎಲ್ಲಿ ಕೈಮೀರಿತು, ಸ್ಲೈಡಿನ ಅಕ್ಷರ ಹಿಂದಿನ ಸಾಲಿಗೆ ಕಂಡಿತೇ, ಪರೀಕ್ಷೆಯಲ್ಲಿ ಕೇಳಿದ್ದಕ್ಕೂ ಕಲಿಸಿದ್ದಕ್ಕೂ ಸಂಬಂಧವಿತ್ತೇ, ವಾರ್ಡಿನಲ್ಲಿ ರೋಗಿಯನ್ನು ಮುಟ್ಟಿ ಪರೀಕ್ಷಿಸಲು ಬಿಟ್ಟರೇ, ಹಾಗೆ ಪರೀಕ್ಷಿಸುವಾಗ ಯಾರಾದರೂ ಪಕ್ಕದಲ್ಲಿ ನಿಂತು ನೋಡಿದರೇ, ರೋಗಿಯ ಎದುರು ಅವಮಾನಿಸಿದರೇ? ಇವಕ್ಕೆಲ್ಲ ಉತ್ತರ ಬಲ್ಲವರು ವಿದ್ಯಾರ್ಥಿಗಳು ಮಾತ್ರ. ವಿಭಾಗದ ಮುಖ್ಯಸ್ಥರು ನಾಲ್ಕು ವಾರ ವಾರ್ಡಿನ ಮೂಲೆಯಲ್ಲಿ ನಿಂತು ನೋಡುವುದಿಲ್ಲ. ಟೈಮ್‌ಟೇಬಲ್ಲಿನಲ್ಲಿ ‘ಬೆಡ್‌ಸೈಡ್ ಪಾಠ, 10ರಿಂದ 12’ ಎಂದು ಅಚ್ಚಾಗಿರುತ್ತದೆ. ಆ ಎರಡು ಗಂಟೆ ನಿಜವಾಗಿ ಹೇಗೆ ಕಳೆಯಿತೆಂದು ಗೊತ್ತಿರುವುದು ಅಲ್ಲಿ ನಿಂತಿದ್ದ ಆರು ವಿದ್ಯಾರ್ಥಿಗಳಿಗೆ.

ತೀರ್ಪು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕ್ಷೇತ್ರದಲ್ಲೇ ಹಳೆಯ ಉದಾಹರಣೆಯೊಂದಿದೆ. 1970ರಲ್ಲಿ ಅಮೆರಿಕದ ಸಂಶೋಧಕರು ಮೈಕೇಲ್ ಫಾಕ್ಸ್ ಎಂಬ ನಟನಿಗೆ ‘ಡಾಕ್ಟರ್ ಮೈರನ್ ಫಾಕ್ಸ್’ ಎಂದು ಹೆಸರಿಟ್ಟು, ಭಾರಿ ಪರಿಚಯ ಹೇಳಿ, ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಮತ್ತು ಶಿಕ್ಷಕರ ಮುಂದೆ ನಿಲ್ಲಿಸಿದರು. ವೈದ್ಯರ ಶಿಕ್ಷಣದಲ್ಲಿ ಗಣಿತದ ಗೇಮ್ ಥಿಯರಿಯ ಅನ್ವಯ ಎಂಬುದು ವಿಷಯ. ನಟನಿಗೆ ಆ ವಿಷಯದ ಗಂಧವೂ ಇರಲಿಲ್ಲ. ಒಂದಕ್ಕೊಂದು ತಾಳೆಯಾಗದ ವಾಕ್ಯಗಳನ್ನು, ಅರ್ಥವಿಲ್ಲದ ಹೊಸ ಪದಗಳನ್ನು ಹಾಸ್ಯ ಬೆರೆಸಿ ಲವಲವಿಕೆಯಿಂದ ಹೇಳುವಂತೆ ಅವನನ್ನು ತಯಾರು ಮಾಡಿದ್ದರು. ಕೇಳಿದವರು ಒಳ್ಳೆಯ ಅಂಕ ಕೊಟ್ಟರು. ವಂಚನೆಯನ್ನು ಯಾರೂ ಪತ್ತೆ ಹಚ್ಚಲಿಲ್ಲ. 1973ರಲ್ಲಿ ಪ್ರಕಟವಾದ ಆ ವರದಿಯ ಕೇಳುಗರು ಎಳೆಯ ವಿದ್ಯಾರ್ಥಿಗಳಲ್ಲ, ಅನುಭವಿ ವೃತ್ತಿಪರರು ಎಂಬುದನ್ನು ನಿಮ್ಮ ಸಹೋದ್ಯೋಗಿಗಳಿಗೆ ನೆನಪಿಸಿ. ಮಾತಿನ ಮೋಡಿಗೆ ನಾವೂ ಅಷ್ಟೇ ಸುಲಭವಾಗಿ ಸೋಲುತ್ತೇವೆ.

ಇನ್ನೊಂದು ಅಧ್ಯಯನ ನಿಮ್ಮ 4.2ಕ್ಕೆ ನೇರವಾಗಿ ಸಂಬಂಧಿಸಿದ್ದು. 2015ರಲ್ಲಿ ಪ್ರಕಟವಾದ ಇದರಲ್ಲಿ, ವೈದ್ಯಕೀಯ ವಿದ್ಯಾರ್ಥಿಗಳ ಮೌಲ್ಯಮಾಪನ ಪಟ್ಟಿಗೆ ಇಲ್ಲದ ಉಪನ್ಯಾಸಕರೊಬ್ಬರ ಹೆಸರನ್ನು ಸೇರಿಸಿದ್ದರು. ‘ಅನ್ವಯಿಸುವುದಿಲ್ಲ’ ಎಂದು ಬಿಟ್ಟುಬಿಡುವ ಅವಕಾಶವಿದ್ದರೂ ಸುಮಾರು ಮೂರನೇ ಎರಡರಷ್ಟು ವಿದ್ಯಾರ್ಥಿಗಳು ಆ ಕಾಲ್ಪನಿಕ ವ್ಯಕ್ತಿಗೆ ಅಂಕ ಕೊಟ್ಟರು. ಮುಂದಿನ ಸುತ್ತಿನಲ್ಲಿ ಹೆಸರಿನ ಜತೆಗೆ ಫೋಟೊ ಹಾಕಿದಾಗಲೂ ಅರ್ಧದಷ್ಟು ಮಂದಿ ಅದನ್ನೇ ಮಾಡಿದರು. ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ವಾರಗಟ್ಟಲೆ ಹಿಂದಿನ ಹತ್ತಾರು ಉಪನ್ಯಾಸಕರಿಗೆ, ಪರೀಕ್ಷೆಯ ಹೊಸ್ತಿಲಲ್ಲಿ, ಕಡ್ಡಾಯವೆಂಬ ಕಾರಣಕ್ಕೆ ಅಂಕ ಹಾಕುವ ಯಾರೇ ಆದರೂ ಒಂದೇ ಕಾಲಮ್ಮಿನಲ್ಲಿ ಸರಸರನೆ ಇಳಿದುಬಿಡುತ್ತಾರೆ. ಜರ್ಮನಿಯ ಅಧ್ಯಯನವೊಂದು 2018ರಲ್ಲಿ ತೋರಿಸಿದ್ದು ಇನ್ನೂ ಕಸಿವಿಸಿ ತರುತ್ತದೆ. ತುರ್ತು ಚಿಕಿತ್ಸೆಯ ತರಗತಿಯಲ್ಲಿ ಕೆಲವು ಗುಂಪುಗಳಿಗೆ ಚಾಕೊಲೇಟ್ ಕುಕಿಗಳನ್ನು ಇಟ್ಟಿದ್ದರು, ಉಳಿದವಕ್ಕೆ ಇಡಲಿಲ್ಲ. ಕುಕಿ ಸಿಕ್ಕ ಗುಂಪುಗಳು ಶಿಕ್ಷಕರಿಗಷ್ಟೇ ಅಲ್ಲ, ಪಾಠದ ಸಾಮಗ್ರಿಗೂ ಹೆಚ್ಚಿನ ಅಂಕ ಕೊಟ್ಟವು. ಆನ್‌ಲೈನ್ ಕೋರ್ಸೊಂದರಲ್ಲಿ ಶಿಕ್ಷಕರ ಹೆಸರುಗಳನ್ನು ಅದಲುಬದಲು ಮಾಡಿ ನೋಡಿದ ಪ್ರಯೋಗವೂ ಇದೆ. ಅಲ್ಲಿ ಗಂಡಸೆಂದು ಭಾವಿಸಲಾದ ಶಿಕ್ಷಕರಿಗೆ ಹೆಚ್ಚಿನ ಅಂಕ ಬಂತು. ಅದು ಚಿಕ್ಕ ಪ್ರಯೋಗ, ಆದರೆ ಮಹಿಳಾ ಸಹೋದ್ಯೋಗಿಗಳ ಫೀಡ್‌ಬ್ಯಾಕ್ ಕಡತಗಳನ್ನು ಓದಿದವರಿಗೆ ಅದರ ಫಲಿತಾಂಶ ಹೊಸದೆನಿಸದು.

ಸರಾಸರಿ ಅಂಕದ ಬಗ್ಗೆ ಒಂದು ಸಣ್ಣ ಲೆಕ್ಕ. ಆರು ವಿದ್ಯಾರ್ಥಿಗಳ ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ಕೆಲವು ವಾರ ವಾರ್ಡಿನಲ್ಲಿ ರೋಗಿಗಳ ನಡುವೆ ಕಲಿಯುವ ಸರದಿ, ಇದೆ ಎನ್ನಿ. ಒಂದು ತಂಡ 5, 5, 4, 4, 4, 4 ಕೊಡುತ್ತದೆ. ಇನ್ನೊಂದು ತಂಡ 5, 5, 5, 5, 5, 1 ಕೊಡುತ್ತದೆ. ಎರಡರ ಮೊತ್ತವೂ 26, ಎರಡರ ಸರಾಸರಿಯೂ 4.3. ಮೊದಲ ತಂಡದಲ್ಲಿ ಎಲ್ಲವೂ ಸುಮಾರಾಗಿ ಸರಿಯಿದೆ. ಎರಡನೆಯದರಲ್ಲಿ ಐದು ಜನ ಸಂತೋಷದಿಂದ ಹೊರಬಂದಿದ್ದಾರೆ, ಒಬ್ಬರಿಗೆ ಏನೋ ಆಗಿದೆ. ಆ ‘ಏನೋ’ವನ್ನು ತಿಳಿದುಕೊಳ್ಳುವುದಕ್ಕಾಗಿಯೇ ಫೀಡ್‌ಬ್ಯಾಕ್ ಇರುವುದು, ಸರಾಸರಿ ಅದನ್ನು ಅಳಿಸಿಹಾಕುತ್ತದೆ. ಸರಾಸರಿಯ ಬದಲು ಯಾವ ಅಂಕ ಎಷ್ಟು ಜನರಿಂದ ಬಂತೆಂಬ ಹಂಚಿಕೆಯನ್ನು ಮುದ್ರಿಸಿ. ಇದಕ್ಕೆ ಖರ್ಚಿಲ್ಲ, ಯಾರ ಅನುಮತಿಯೂ ಬೇಕಿಲ್ಲ.

ಈಗ ಪ್ರಶ್ನೆಗಳಿಗೆ ಬರೋಣ; ನಿಮ್ಮ ಶ್ರಮದ ಬಹುಪಾಲು ಇಲ್ಲಿ ಬೀಳಬೇಕು. ‘ಕ್ಲಿನಿಕಲ್ ಬೋಧನೆ ಪರಿಣಾಮಕಾರಿಯಾಗಿತ್ತು’ ಎಂಬ ಹೇಳಿಕೆಗೆ ನಾಲ್ಕು ಅಂಕ ಬಂದರೆ ಅಧ್ಯಾಪಕರು ಸೋಮವಾರ ಬೆಳಿಗ್ಗೆ ಏನನ್ನು ಬೇರೆ ರೀತಿಯಲ್ಲಿ ಮಾಡಬೇಕು? ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಕೇಳಿ: ‘ಕಳೆದ ಎರಡು ವಾರಗಳಲ್ಲಿ ನೀವು ರೋಗಿಯ ಹೊಟ್ಟೆಯನ್ನು ಪೂರ್ತಿಯಾಗಿ ಪರೀಕ್ಷಿಸುವುದನ್ನು ಅಧ್ಯಾಪಕರು ಅಥವಾ ರೆಸಿಡೆಂಟ್ (ಸ್ನಾತಕೋತ್ತರ ತರಬೇತಿಯಲ್ಲಿರುವ ವೈದ್ಯರು) ಯಾರಾದರೂ ಎಷ್ಟು ಬಾರಿ ನಿಂತು ನೋಡಿದರು? ಒಮ್ಮೆಯೂ ಇಲ್ಲ, ಒಮ್ಮೆ, ಎರಡು ಬಾರಿ ಅಥವಾ ಹೆಚ್ಚು.’ ‘ಹಾಗೆ ನೋಡಿದ ಮೇಲೆ ನಿಮಗೆ ತಿದ್ದುವಂಥದ್ದೇನಾದರೂ ಹೇಳಿದರೇ? ಏನು?’ ಆರರಲ್ಲಿ ನಾಲ್ವರು ‘ಒಮ್ಮೆಯೂ ಇಲ್ಲ’ ಎಂದರೆ ಮಾಡಬೇಕಾದ ಕೆಲಸ ಕಣ್ಣ ಮುಂದಿದೆ. ರೌಂಡ್ಸ್ ಮುಗಿದ ಮೇಲೆ ಹತ್ತು ನಿಮಿಷ ತೆಗೆದಿಟ್ಟು, ದಿನಕ್ಕೊಬ್ಬ ವಿದ್ಯಾರ್ಥಿ ಪರೀಕ್ಷಿಸುವುದನ್ನು ನೋಡುವುದು. ಈ ಪ್ರಶ್ನೆಯಲ್ಲಿ ಯಾರ ಮೇಲೂ ಆರೋಪವಿಲ್ಲ, ಆದ್ದರಿಂದ ಅಧ್ಯಾಪಕರ ಮನಸ್ಸು ಮುದುಡುವುದಿಲ್ಲ. ವಿದ್ಯಾರ್ಥಿಯೂ ಹೆದರಬೇಕಿಲ್ಲ, ಅವನು ನಡೆದದ್ದನ್ನು ಹೇಳುತ್ತಿದ್ದಾನೆ ಅಷ್ಟೆ.

ನಿಮ್ಮ ಫಿಸಿಯಾಲಜಿ ತರಗತಿಗೂ ಇದೇ ಕ್ರಮ. ‘ಉಪನ್ಯಾಸ ಸ್ಪಷ್ಟವಾಗಿತ್ತೇ’ ಎಂದು ಕೇಳಬೇಡಿ. ತರಗತಿಯ ಕೊನೆಯ ಎರಡು ನಿಮಿಷದಲ್ಲಿ ಚೀಟಿಯೊಂದರ ಮೇಲೆ, ಇಂದು ಯಾವ ಹಂತದಲ್ಲಿ ಎಳೆ ತಪ್ಪಿತು ಎಂದು ಒಂದು ಸಾಲು ಬರೆಯಿಸಿ, ಹೆಸರು ಬೇಡ. ಆಮ್ಲ-ಪ್ರತ್ಯಾಮ್ಲ ಸಮತೋಲನದ ಪಾಠವನ್ನು ತೆಗೆದುಕೊಳ್ಳಿ. ಅವಧಿಯ ಕೊನೆಯ ಫಾರ್ಮಿನಲ್ಲಿ ‘ಬಹಳ ವೇಗ’ ಎಂದಷ್ಟೇ ಬರುತ್ತಿತ್ತು. ನೀವು ಇಡೀ ಪಾಠವನ್ನು ನಿಧಾನಗೊಳಿಸಿ ಅರ್ಧ ತರಗತಿಗೆ ಬೇಸರ ತರಿಸುತ್ತಿದ್ದಿರಿ. ಚೀಟಿಗಳನ್ನು ಗುಡ್ಡೆ ಹಾಕಿ ನೋಡಿದರೆ ಬೇರೆಯೇ ಚಿತ್ರ ಕಾಣಬಹುದು. ಬಫರ್‌ಗಳವರೆಗೆ (ರಕ್ತದ ಆಮ್ಲೀಯತೆ ಏರುಪೇರಾಗದಂತೆ ತಡೆಯುವ ರಾಸಾಯನಿಕಗಳು) ಎಲ್ಲರಿಗೂ ಅರ್ಥವಾಗಿದೆ, ಮೂತ್ರಪಿಂಡ ಬೈಕಾರ್ಬನೇಟನ್ನು ಮರಳಿ ಹೀರಿಕೊಳ್ಳುವ ಚಿತ್ರದಲ್ಲಿ ಬಾಣಗಳು ಒಂದೇ ಬಾರಿಗೆ ತೆರೆಯ ಮೇಲೆ ಬಂದದ್ದರಿಂದ ದಾರಿ ತಪ್ಪಿದೆ. ಹಾಗಾದರೆ ಬದಲಿಸಬೇಕಾದದ್ದು ಒಂದು ಸ್ಲೈಡು. ಮುಂದಿನ ಬಾರಿ ಆ ಚಿತ್ರವನ್ನು ಬೋರ್ಡಿನ ಮೇಲೆ ಬಾಣಬಾಣವಾಗಿ ಬಿಡಿಸಿ, ನಡುವೆ ನಿಲ್ಲಿಸಿ, ಹೈಡ್ರೋಜನ್ ಅಯಾನು ಈಗ ಎಲ್ಲಿಗೆ ಹೋಗುತ್ತದೆ ಎಂದು ಅವರನ್ನೇ ಕೇಳಿ.

ಕಾಲದ ವಿಚಾರ. ಅವಧಿಯ ಕೊನೆಯಲ್ಲಿ ಕೇಳುವುದೆಂದರೆ, ಹೇಳಿದವರಿಗೆ ಅದರ ಫಲ ಎಂದೂ ಸಿಗುವುದಿಲ್ಲ ಎಂದರ್ಥ. ಫಲವಿಲ್ಲದ ಕೆಲಸವನ್ನು ವಿದ್ಯಾರ್ಥಿ ಯಾಕೆ ಮನಸ್ಸಿಟ್ಟು ಮಾಡಬೇಕು? ಅರ್ಧ ದಾರಿಯಲ್ಲಿ ಕೇಳಿ. ನಡು ಅವಧಿಯ ಫೀಡ್‌ಬ್ಯಾಕ್‌ನಿಂದ ಬೋಧನೆಯ ಬಗೆಗಿನ ವಿದ್ಯಾರ್ಥಿಗಳ ಅಭಿಪ್ರಾಯ ಉತ್ತಮಗೊಳ್ಳುತ್ತದೆ ಎಂಬುದನ್ನು ಸಂಶೋಧಕ ಪೀಟರ್ ಕೋಹೆನ್ 1980ರಲ್ಲೇ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದ್ದರು. ಅದರಲ್ಲಿ ಎದ್ದು ಕಾಣುವ ಅಂಶ ಇದು: ಫಲಿತಾಂಶದ ಕಾಗದವನ್ನು ಕೈಗಿತ್ತು ಸುಮ್ಮನಾದಾಗ ಸಿಗುವ ಲಾಭ ಅಲ್ಪ, ಯಾರಾದರೂ ಅಧ್ಯಾಪಕರ ಜತೆ ಕೂತು ಆ ಕಾಗದವನ್ನು ಓದಿ, ಏನು ಬದಲಿಸಬಹುದೆಂದು ಚರ್ಚಿಸಿದಾಗ ಲಾಭ ಗಣನೀಯವಾಗಿ ಹೆಚ್ಚುತ್ತದೆ. ಅಂದರೆ ನಿಮ್ಮ ಹೊಸ ಹುದ್ದೆಯ ಮುಖ್ಯ ಕೆಲಸ ಫಾರ್ಮು ಕಳುಹಿಸುವುದಲ್ಲ. ಸಹೋದ್ಯೋಗಿಗಳ ಪಕ್ಕದಲ್ಲಿ ಅರ್ಧ ಗಂಟೆ ಕೂರುವುದು.

ನಡು ಅವಧಿಗೆ ನಾನು ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡಿರುವುದು ಗುಂಪು ಚರ್ಚೆಯ ವಿಧಾನವನ್ನು. ಪಾಠ ಮಾಡುವವರು ಇಪ್ಪತ್ತು ನಿಮಿಷ ಮೊದಲೇ ತರಗತಿ ಮುಗಿಸಿ ಹೊರಹೋಗುತ್ತಾರೆ. ಬೇರೆ ವಿಭಾಗದ, ಈ ವಿದ್ಯಾರ್ಥಿಗಳಿಗೆ ಅಂಕ ಹಾಕುವ ಅಧಿಕಾರವಿಲ್ಲದ ಒಬ್ಬರು ಒಳಬರುತ್ತಾರೆ. ಐದೈದು ಜನರ ಗುಂಪು ಮಾಡಿ ಮೂರು ಪ್ರಶ್ನೆ ಕೊಡುತ್ತಾರೆ: ನಿಮ್ಮ ಕಲಿಕೆಗೆ ಯಾವುದು ನೆರವಾಗುತ್ತಿದೆ, ಯಾವುದು ಅಡ್ಡಿಯಾಗುತ್ತಿದೆ, ಅಡ್ಡಿಯನ್ನು ನಿವಾರಿಸಲು ನಿರ್ದಿಷ್ಟವಾಗಿ ಏನು ಮಾಡಬಹುದು. ಪ್ರತಿ ಗುಂಪೂ ತನ್ನೊಳಗೆ ಒಪ್ಪಿದ್ದನ್ನು ಮಾತ್ರ ಬರೆಯಬೇಕು. ಆಮೇಲೆ ಅವುಗಳನ್ನು ಬೋರ್ಡಿನ ಮೇಲೆ ಬರೆದು, ಇಡೀ ತರಗತಿ ಇದನ್ನು ಒಪ್ಪುತ್ತದೆಯೇ ಎಂದು ಕೈಯೆತ್ತಿಸುತ್ತಾರೆ. ಇಲ್ಲಿ ಬಹಳ ಉಪಯುಕ್ತವಾದದ್ದೊಂದು ತಾನಾಗಿ ನಡೆಯುತ್ತದೆ. ‘ವೈವಾ (ಮೌಖಿಕ ಪರೀಕ್ಷೆ) ತರಹದ ಪ್ರಶ್ನೆಗಳನ್ನು ತರಗತಿಯಲ್ಲಿ ಕೇಳಬಾರದು’ ಎಂದು ಒಬ್ಬ ಹೇಳಿದರೆ, ಪಕ್ಕದವಳು ‘ನನಗಂತೂ ಅದರಿಂದಲೇ ಓದುವ ಅಭ್ಯಾಸ ಬಂತು’ ಎನ್ನುತ್ತಾಳೆ. ಚರ್ಚೆ ಬೆಳೆದು ಕೊನೆಗೆ ‘ಪ್ರಶ್ನೆ ಕೇಳಲಿ, ಉತ್ತರ ಬರದಿದ್ದರೆ ಎದ್ದು ನಿಂತೇ ಇರುವಂತೆ ಮಾಡುವುದು ಬೇಡ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಬ್ಬರ ಸಿಟ್ಟಾಗಿ ಹೊರಟದ್ದು ಎಲ್ಲರೂ ಒಪ್ಪಬಹುದಾದ ಸಲಹೆಯಾಗಿ ಬದಲಾಯಿತು. ಯಾವ ಫಾರ್ಮಿಗೂ ಈ ಶಕ್ತಿಯಿಲ್ಲ.

ಇದಾದ ವಾರದೊಳಗೆ ಅಧ್ಯಾಪಕರು ಅದೇ ತರಗತಿಗೆ ಉತ್ತರ ಕೊಡಬೇಕು. ಐದು ನಿಮಿಷ ಸಾಕು. ನೀವು ಹೇಳಿದ್ದರಲ್ಲಿ ಇವೆರಡನ್ನು ನಾಳೆಯಿಂದ ಬದಲಿಸುತ್ತೇನೆ, ಇದನ್ನು ಬದಲಿಸುವುದಿಲ್ಲ, ಕಾರಣ ಇದು. ‘ಬದಲಿಸುವುದಿಲ್ಲ’ ಎಂದು ಹೇಳಲು ಹಿಂಜರಿಯಬೇಡಿ. ವಿದ್ಯಾರ್ಥಿಗಳು ಕೇಳಿದ್ದನ್ನೆಲ್ಲ ಕೊಡುವ ಅಧ್ಯಾಪಕರಿಗಿಂತ, ಕಾರಣ ಹೇಳಿ ನಿರಾಕರಿಸುವ ಅಧ್ಯಾಪಕರನ್ನು ಅವರು ಹೆಚ್ಚು ನಂಬುತ್ತಾರೆ. ಉತ್ತರವೇ ಬರದಿದ್ದರೆ ಮಾತ್ರ ಮುಂದಿನ ಬಾರಿ ಎಲ್ಲೆಡೆ ‘ಚೆನ್ನಾಗಿದೆ’ ಎಂದೇ ಬರುತ್ತದೆ. ನಿಮ್ಮ ವಿದ್ಯಾರ್ಥಿಗಳು ಈಗ ಇರುವುದು ಇದೇ ಸ್ಥಿತಿಯಲ್ಲಿ ಎಂದು ನನಗೆ ಅನಿಸುತ್ತದೆ.

ಒಂದು ಎಚ್ಚರಿಕೆ. ಉಪನ್ಯಾಸ ಬಿಟ್ಟು ಪ್ರಕರಣ ಆಧಾರಿತ ಚರ್ಚೆಗೆ ಹೊರಳಿದರೆ ಅಂಕಗಳು ಕುಸಿಯಬಹುದು. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಕ್ರಿಯವಾಗಿ ಸಮಸ್ಯೆ ಬಿಡಿಸಿದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಕಲಿತದ್ದು ಕಂಡುಬಂತು, ಆದರೆ ತಾವು ಕಡಿಮೆ ಕಲಿತೆವೆಂದೇ ಅವರಿಗೆ ಅನಿಸಿತ್ತು. ನಯವಾದ ಉಪನ್ಯಾಸ ಕೇಳುವಾಗ ಎಲ್ಲ ತಿಳಿದಂತೆ ತೋರುತ್ತದೆ. ತಾನೇ ತಡವರಿಸುವಾಗ ಏನೂ ತಿಳಿಯದಂತೆ ತೋರುತ್ತದೆ. ಈ ವಿಷಯವನ್ನು ಮೊದಲ ದಿನವೇ ವಿದ್ಯಾರ್ಥಿಗಳಿಗೆ ತಿಳಿಸಿ. ಮತ್ತು ತೃಪ್ತಿಯ ಅಂಕ ಇಳಿದಾಗ ಕಿರುಪರೀಕ್ಷೆಯ ಫಲಿತಾಂಶ, ಲಾಗ್‌ಬುಕ್, ತರಗತಿಯಲ್ಲಿ ಕೂತು ನೋಡಿದ ಸಹೋದ್ಯೋಗಿಯ ಟಿಪ್ಪಣಿಗಳನ್ನು ಪಕ್ಕದಲ್ಲಿಟ್ಟು ನೋಡದೆ ಹಿಂದೆ ಸರಿಯಬೇಡಿ.

ಫಾರ್ಮನ್ನು ಪೂರ್ತಿ ಬಿಡಬೇಕಿಲ್ಲ, ಎಂಟು ಪ್ರಶ್ನೆಗೆ ಇಳಿಸಿ. 150 ಜನರ ತರಗತಿಯಲ್ಲಿ ಪ್ರತಿಯೊಬ್ಬರಿಗೂ ಪ್ರತಿಯೊಂದನ್ನೂ ಕೇಳುವ ಬದಲು, ಚೀಟಿ ಎತ್ತಿದಂತೆ ಐದು ಗುಂಪು ಮಾಡಿ, ಒಂದೊಂದು ಘಟಕಕ್ಕೆ ಒಂದೊಂದು ಗುಂಪನ್ನು ಕೇಳಿ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಸರದಿ ಬರುತ್ತದೆಂದು ತಿಳಿದರೆ ಮನಸ್ಸಿಟ್ಟು ಬರೆಯುತ್ತಾರೆ. ಎಲ್ಲರಿಗೂ ಕಳುಹಿಸಿ ಬಂದ ಹನ್ನೆರಡು ಉತ್ತರಗಳಿಗಿಂತ, ಆರಿಸಿದ ಮೂವತ್ತರಲ್ಲಿ ಬಂದ ಇಪ್ಪತ್ತೈದು ಹೆಚ್ಚು ನಂಬಿಕೆಗೆ ಅರ್ಹ. ಮೊದಲನೆಯದರಲ್ಲಿ ಬಹಳ ಖುಷಿಯಾದವರೂ ಬಹಳ ಸಿಟ್ಟಾದವರೂ ಮಾತ್ರ ಉಳಿದಿರುವ ಸಾಧ್ಯತೆ ದೊಡ್ಡದು.

ಗೋಪ್ಯತೆಯ ಬಗ್ಗೆ ಕಟ್ಟುನಿಟ್ಟಾಗಿರಿ. ಆರು ಜನರ ಪೋಸ್ಟಿಂಗಿನಲ್ಲಿ ‘ಹೆಸರಿಲ್ಲ’ ಎಂಬುದಕ್ಕೆ ಅರ್ಥವಿಲ್ಲ, ಬರವಣಿಗೆಯ ಧಾಟಿಯಿಂದಲೇ ಯಾರೆಂದು ತಿಳಿಯುತ್ತದೆ. ಮೂರು ನಾಲ್ಕು ತಂಡಗಳ ಉತ್ತರ ಸೇರುವವರೆಗೆ ಅಧ್ಯಾಪಕರಿಗೆ ತಮ್ಮ ಬಗ್ಗೆ ಬಂದ ಟಿಪ್ಪಣಿಗಳನ್ನು ಕೊಡಬೇಡಿ. ಆಂತರಿಕ ಅಂಕಗಳು ಪ್ರಕಟವಾಗುವ ಮೊದಲಂತೂ ಕೊಡಲೇಬೇಡಿ. ಅವಮಾನ, ಕಿರುಕುಳ, ತಾರತಮ್ಯದ ದೂರುಗಳಿಗೆ ಈ ಫಾರ್ಮು ಜಾಗವೇ ಅಲ್ಲ. ಅವು ಅವಧಿ ಮುಗಿಯುವವರೆಗೆ ಸ್ಪ್ರೆಡ್‌ಶೀಟಿನಲ್ಲಿ ಕಾಯಬಾರದು. ಅವಕ್ಕೆ ಬೇರೆ ದಾರಿ, ಬೇರೆ ವ್ಯಕ್ತಿ, ಆ ವಾರವೇ ಕ್ರಮ ಇರಬೇಕು. ಫಾರ್ಮಿನ ಮೊದಲ ಸಾಲಿನಲ್ಲೇ ಆ ದಾರಿ ಯಾವುದೆಂದು ಬರೆಯಿರಿ.

ಮನಸ್ಸು ನೋಯಿಸುವ ಟಿಪ್ಪಣಿಗಳ ವಿಚಾರ ನೀವು ಪ್ರಸ್ತಾಪಿಸಿದ್ದೀರಿ. ನೂರು ಒಳ್ಳೆಯ ಮಾತಿನ ನಡುವೆ ಒಂದು ಕಟುವಾದ ಸಾಲು ಅಧ್ಯಾಪಕರನ್ನು ತಿಂಗಳುಗಟ್ಟಲೆ ಕಾಡುವುದನ್ನು ಕಂಡಿದ್ದೇನೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಟಿಪ್ಪಣಿಗಳನ್ನು ಮೊದಲು ನೀವು ಓದಿ, ರೂಪ, ಉಡುಪು, ಉಚ್ಚಾರ, ಜಾತಿ, ಲಿಂಗದ ಬಗ್ಗೆ ಇರುವುದನ್ನು ತೆಗೆದುಹಾಕಿ. ಹೀಗೆ ತೆಗೆಯಲಾಗುತ್ತದೆ ಎಂದು ವಿದ್ಯಾರ್ಥಿಗಳಿಗೂ ಮೊದಲೇ ಹೇಳಿ, ಗೌರವದಿಂದ ವಿಮರ್ಶಿಸುವುದನ್ನು ಉದಾಹರಣೆ ಕೊಟ್ಟು ಕಲಿಸಿ. ನಾಳೆ ಇವರೇ ತಮ್ಮ ಕಿರಿಯರಿಗೆ, ಸಹವೈದ್ಯರಿಗೆ ತಪ್ಪು ತಿಳಿಸಿ ಹೇಳಬೇಕಾದವರು, ಅದರ ಅಭ್ಯಾಸವೂ ಪಠ್ಯದ ಭಾಗವೇ. ಆದರೆ ಕಟುವಾಗಿದ್ದರೂ ನಡೆದ ಸಂಗತಿಯನ್ನು ಹೇಳುವ ಸಾಲನ್ನು ಉಳಿಸಿಕೊಳ್ಳಿ. ‘ಮೂರು ಮಂಗಳವಾರ ಯಾರೂ ಬರಲೇ ಇಲ್ಲ, ನಾವು ಕಾರಿಡಾರಿನಲ್ಲಿ ನಿಂತಿದ್ದೆವು’ ಎಂಬುದು ಸಿಟ್ಟಿನ ಮಾತಾದರೂ ಸಾಕ್ಷ್ಯ.

ಇನ್ನು ಬಡ್ತಿ. ಅಂಕವನ್ನೇ ಬಡ್ತಿಗೆ ಜೋಡಿಸುವುದನ್ನು ನಾನು ವಿರೋಧಿಸುತ್ತೇನೆ, ನೀವೂ ವಿರೋಧಿಸಿ. ವಿದ್ಯಾರ್ಥಿಗಳ ಅಂಕಕ್ಕೂ ಅವರ ಕಲಿಕೆಗೂ ಗಮನಾರ್ಹ ಸಂಬಂಧವಿಲ್ಲ ಎಂಬ ತೀರ್ಮಾನಕ್ಕೆ 2017ರ ದೊಡ್ಡ ವಿಶ್ಲೇಷಣೆಯೊಂದು ಬಂದಿದೆ. ಅದಕ್ಕಿಂತ ಹತ್ತಿರದ ಕಾರಣವೆಂದರೆ, ಬಡ್ತಿಯ ಭಯವಿದ್ದಲ್ಲಿ ಅಧ್ಯಾಪಕರು ಪರೀಕ್ಷೆ ಸಡಿಲಿಸುತ್ತಾರೆ, ಹೊಸ ಪ್ರಯೋಗಕ್ಕೆ ಕೈ ಹಾಕುವುದಿಲ್ಲ. ವಿದ್ಯಾರ್ಥಿಗಳು ಯಾರದೋ ಬದುಕಿಗೆ ಪೆಟ್ಟಾದೀತೆಂದು ನಿಜ ಬರೆಯುವುದಿಲ್ಲ. ಆಡಳಿತ ಪಟ್ಟು ಹಿಡಿದರೆ ಪರ್ಯಾಯವೊಂದನ್ನು ಮುಂದಿಡಿ. ಪ್ರತಿ ಅಧ್ಯಾಪಕರೂ ವರ್ಷಕ್ಕೊಂದು ಪುಟ ಬರೆದು ಸಲ್ಲಿಸಲಿ: ವಿದ್ಯಾರ್ಥಿಗಳು ಏನು ಹೇಳಿದರು, ಅದರಲ್ಲಿ ಯಾವುದನ್ನು ಬದಲಿಸಿದೆ, ಯಾವುದನ್ನು ಬದಲಿಸಲಿಲ್ಲ ಮತ್ತು ಯಾಕೆ, ಆಮೇಲೆ ಏನಾಯಿತು. ಜತೆಗೆ ಸಹೋದ್ಯೋಗಿಯೊಬ್ಬರ ತರಗತಿ ವೀಕ್ಷಣೆಯ ಟಿಪ್ಪಣಿ ಇರಲಿ. ಸಮಿತಿ ತೂಗಬೇಕಾದದ್ದು ಈ ಪುಟವನ್ನು. ಮೊದಲ ವರ್ಷ ಇಡೀ ಕಾಲೇಜಿಗೆ ಇದನ್ನು ಹೇರಬೇಡಿ. ನಿಮ್ಮ ವಿಭಾಗದಲ್ಲಿ ಮನಸ್ಸಿರುವ ಇಬ್ಬರನ್ನು, ವಾರ್ಡಿನಲ್ಲಿ ಕಲಿಸುವ ಒಬ್ಬರನ್ನು ಆರಿಸಿಕೊಳ್ಳಿ. ನಡು ಅವಧಿಯ ಮೊದಲ ಗುಂಪು ಚರ್ಚೆ ನಿಮ್ಮದೇ ತರಗತಿಯಲ್ಲಿ ನಡೆಯಲಿ, ಬಂದ ಫಲಿತಾಂಶವನ್ನು ಆ ಮೂವರ ಮುಂದೆ ನೀವೇ ಓದಿ ಹೇಳಿ.